ನನ್ನ ಕಾರಿನ ಹೊಗೆಯೂ ಮುನಿವೆಂಕಟಮ್ಮನ ರೇಷ್ಮೆ ಹುಳವೂ

ನನ್ನ ಕಾರು ಹೊಗೆ ಬಿಡುತ್ತಿತ್ತು ಎಂಬ ಆರೋಪವನ್ನು ನಾನು ಇವತ್ತಿಗೂ ಪೂರ್ತಿಯಾಗಿ ಒಪ್ಪುವುದಿಲ್ಲ. ಪೆಟ್ರೋಲು ಕುಡಿಯುವ ಯಂತ್ರ ಹಿಂದಿನಿಂದ ಮಲ್ಲಿಗೆ ವಾಸನೆ ಬಿಡುತ್ತದೆಯೇ? ಏನೋ ಸ್ವಲ್ಪ ಬರುತ್ತದೆ. ಆ ಸ್ವಲ್ಪ ಎಂದರೆ ಎಷ್ಟು ಎಂಬುದರಲ್ಲಿ ಮಾತ್ರ ನನಗೂ ನಮ್ಮ ಬೀದಿಗೂ ಭಿನ್ನಾಭಿಪ್ರಾಯವಿತ್ತು.

ಆಗ ನಾನು ಶಿಡ್ಲಘಟ್ಟದಲ್ಲಿ ವಕೀಲ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಊರಿನಲ್ಲಿ ಕಾರು ಇದ್ದವರೇ ಅಪರೂಪ. ಚಿಕ್ಕಬಳ್ಳಾಪುರದಲ್ಲಿ ನಿವೃತ್ತರಾದ ಒಬ್ಬ ಇಂಜಿನಿಯರರು ಯುದ್ಧಕ್ಕೆ ಮುಂಚಿನ ಒಂದು ಸೀಮೆ ಕಾರನ್ನು ಮಾರುತ್ತಾರೆಂದು ತಿಳಿದು ಓಡಿಹೋಗಿ ಕೊಂಡುಬಂದಿದ್ದೆ. ಮನೆಯಿಂದ ಕೋರ್ಟಿಗೆ ಹೋಗಲು! ನಮ್ಮ ಮಾಳಿಗೆಯ ಮೇಲೆ ನಿಂತರೆ ಕೋರ್ಟಿನ ಹೆಂಚು ಕಾಣುತ್ತಿತ್ತು ಎಂಬುದು ನಿಜ. "ನೀವು ಹ್ಯಾಂಡಲ್ ತಿರುಗ್ಸಿ ಸ್ಟಾರ್ಟ್ ಮಾಡೋ ಹೊತ್ಗೆ ನಾನು ನಡ್ಕೊಂಡು ಹೋಗಿ ವಾಪಸ್ ಬರ್ತೀನಿ" ಎಂದು ನನ್ನ ಹೆಂಡತಿ ಕಮಲ ಹೇಳುತ್ತಿದ್ದಳು. ಇದ್ದೀತು. ಹಸಿವಿಲ್ಲದಿದ್ದರೂ ಹಬ್ಬದೂಟಕ್ಕೆ ಕೂರುವುದಿಲ್ಲವೇ? ನಡೆದು ಹೋದರೆ ವಕೀಲ ಹೋದ ಅನ್ನುತ್ತಾರೆ, ಕಾರಿನಲ್ಲಿ ಹೋದರೆ ಲಾಯರು ಬಂದರು ಅನ್ನುತ್ತಾರೆ. ಈ ವ್ಯತ್ಯಾಸ ಹೆಂಗಸರಿಗೆ ತಿಳಿಯುವುದಿಲ್ಲ.

ನಮ್ಮ ಎದುರು ಮನೆಯಲ್ಲಿ ಮುನಿವೆಂಕಟಮ್ಮ ಇದ್ದಳು. ಗಂಡ ತೀರಿಹೋದ ಮೇಲೆ ಊರ ಹೊರಗಿನ ತುಂಡು ಜಮೀನಿನಲ್ಲಿ ಹಿಪ್ಪುನೇರಳೆ ಬೆಳೆದು, ಮನೆಯ ನಡುಮನೆಯಲ್ಲೇ ರೇಷ್ಮೆ ಹುಳ ಸಾಕಿ, ಮಗಳು ಸರೋಜಳನ್ನು ದೊಡ್ಡವಳನ್ನಾಗಿ ಮಾಡಿದ ಗಟ್ಟಿಗಿತ್ತಿ. ಹೋದ ಸಲದ ಬೆಳೆ ಪೂರಾ ಕೆಟ್ಟುಹೋಗಿತ್ತು. ಸರೋಜಳಿಗೆ ಗಂಡು ಗೊತ್ತಾಗಿತ್ತು, ಬೆಳೆ ಬಂದ ಮೇಲೆ ಮದುವೆ ಅಂತ ಮಾತಾಗಿತ್ತು. ಈ ಸಲವೂ ಹುಳ ಕೈಕೊಟ್ಟರೆ ಗಂಡಿನ ಕಡೆಯವರು ಕಾಯುವ ಪೈಕಿ ಅಲ್ಲ. ಇದು ಬೀದಿಗೆಲ್ಲ ಗೊತ್ತಿದ್ದ ವಿಚಾರ. ಆ ಹುಡುಗಿ ಅಕ್ಷರ ಕಲಿತದ್ದೇ ನಮ್ಮ ಜಗಲಿಯ ಮೇಲೆ, ನನ್ನ ಹತ್ತಿರ. ಅವಳ ಮದುವೆ ಆಗಲಿ ಅಂತ ಅವಳ ತಾಯಿಯಷ್ಟೇ ನನಗೂ ಆಸೆ ಇತ್ತು. ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ರೇಷ್ಮೆ ಹುಳದಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಅದಕ್ಕೆ ಹೊಗೆ ಆಗದು, ಘಾಟು ಆಗದು. ಹುಳ ಮನೆಯಲ್ಲಿದ್ದಷ್ಟು ದಿನ ನಮ್ಮ ಬೀದಿಗೆ ಬೀದಿಯೇ ಪಥ್ಯ ಮಾಡುತ್ತಿತ್ತು. ಗಂಡಸರು ಬೀಡಿ ಸೇದಲು ಕೆರೆ ಏರಿಗೆ ಹೋಗುತ್ತಿದ್ದರು. ದೇವರಿಗೆ ಊದುಬತ್ತಿ ಇಲ್ಲ. ಮೆಣಸಿನಕಾಯಿ ಒಗ್ಗರಣೆ ಇಲ್ಲ. ವಾರಗಟ್ಟಲೆ ಒಗ್ಗರಣೆ ಕಾಣದ ಸಾರು ತಿಂದ ವಕೀಲ ಕೋರ್ಟಿನಲ್ಲಿ ಎಷ್ಟು ಖಾರವಾಗಿ ವಾದಿಸಿಯಾನು? ಆದರೂ ಸಹಿಸಿಕೊಂಡೆ. ಅಷ್ಟೇ ಅಲ್ಲ, ಇದ್ದಿಲು ಹಾಕುವ ಇಸ್ತ್ರಿ ಪೆಟ್ಟಿಗೆಯನ್ನೂ ಕಮಲ ಅಟ್ಟಕ್ಕೆ ಹಾಕಿದಳು. ನನಗಿದ್ದದ್ದು ಒಂದೇ ಕರಿಕೋಟು. ಕೊನೆಯದಾಗಿ ಹಾಕಿದ ಇಸ್ತ್ರಿ ಬೆಳೆ ಮುಗಿಯುವ ತನಕ ಉಳಿಯಬೇಕಲ್ಲ, ಅದಕ್ಕೆ ಕೋಟನ್ನು ತೊಡದೆ ಕಾರಿನಲ್ಲಿ ತೂಗುಹಾಕಿಕೊಂಡು ಹೋಗಿ ಕೋರ್ಟಿನ ಬಾಗಿಲಲ್ಲಿ ತೊಡುತ್ತಿದ್ದೆ. ಹುಳಕ್ಕೋಸ್ಕರ ಇಷ್ಟೆಲ್ಲ ತ್ಯಾಗ ಮಾಡಿದ ಮನುಷ್ಯನ ಮೇಲೇ ಒಂದು ದಿನ ಆರೋಪ ಬಂತು.

ಕೋರ್ಟಿಂದ ಊಟಕ್ಕೆ ಬಂದು ಕಾರು ನಿಲ್ಲಿಸಿದ್ದೆ. ಮುನಿವೆಂಕಟಮ್ಮ ಬಾಗಿಲಿಗೆ ಗೋಣಿಚೀಲದ ಪರದೆ ಬಿಟ್ಟುಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಏಮಿ ಸಾಮೀ ಇದಿ? ಬೀಡಿ ಹಚ್ಚಬ್ಯಾಡ್ರಪ್ಪ ಅಂತ ಬೀದಿಗೆಲ್ಲ ಕೈ ಮುಗ್ದಿದೀನಿ. ನೀವು ನೋಡಿದ್ರೆ ಇಟ್ಟಿಗೆ ಗೂಡೇ ಹಚ್ಕೊಂಡು ಬರ್ತೀರಲ್ಲ."

ತಿರುಗಿ ನೋಡಿದೆ. ಕಾರಿನ ಹಿಂದೆ ನಮ್ಮ ಬೀದಿ ಇರಲಿಲ್ಲ. ಕಪ್ಪಗೆ ಏನೋ ಇತ್ತು, ಅದರೊಳಗಿಂದ ಯಾರೋ ಕೆಮ್ಮುತ್ತಿದ್ದರು.

"ಅದು ಧೂಳು" ಅಂದೆ.

"ಧೂಳು ಕರ್ರಗಿರ್ತದಾ ಸ್ವಾಮಿ?"

"ಬೆಳಿಗ್ಗೆ ಚಳಿಗೆ ಎಂಜಿನ್ನಿನಿಂದ ಹಬೆ ಬರೋದು ಸಹಜ."

"ಈಗ ಮಟಮಟ ಮಧ್ಯಾಹ್ನ" ಎಂದು ಒಳಗಿನಿಂದ ಕಮಲ ನನ್ನ ವಿರುದ್ಧ ಸಾಕ್ಷಿ ನುಡಿದಳು.

ಮುನಿವೆಂಕಟಮ್ಮ ದನಿ ತಗ್ಗಿಸಿದಳು. "ಹುಳ ಮೂರ್ನೇ ಜ್ವರದಲ್ಲಿವೆ ಲಾಯರ್ ಸ್ವಾಮಿ. ಹೋದ್ಸಲ ಹೋಯ್ತು. ಈ ಸಲಾನೂ ಹೋದ್ರೆ ನನ್ನ ಮಗಳ ಗತಿ ಏನು?" ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳ ಹೊಟ್ಟೆಬಾಕನ ಹಾಗೆ ತಿಂದು ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಅವಳ ಮಾತು ಕೇಳಿ ನನಗೆ ಒಳಗೊಳಗೇ ಭಯವಾಯಿತು. ಆದರೆ ಭಯವನ್ನು ಎದುರು ಪಕ್ಷಕ್ಕೆ ತೋರಿಸಿ ನನಗೆ ಅಭ್ಯಾಸವಿಲ್ಲ. "ನನ್ನ ಕಾರಲ್ಲಿ ಏನೂ ದೋಷ ಇಲ್ಲ. ಇದ್ದರೆ ನಾನೇ ಕಂಡುಹಿಡೀತೀನಿ" ಎಂದು ಘೋಷಿಸಿ ಒಳಗೆ ಹೋದೆ. ಇಡೀ ಅನಾಹುತಕ್ಕೆ ಈ ಒಂದು ವಾಕ್ಯ ಸಾಕಾಯಿತು.

ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಕೂತೆ. ಹೊಗೆಯ ಬಣ್ಣ ನೋಡಿ ರೋಗ ಹೇಳಬಹುದಂತೆ. ಬೆಳ್ಳಗಿದ್ದರೆ ನೀರಿನ ಅಂಶ, ನೀಲಿಯಾಗಿದ್ದರೆ ಎಂಜಿನ್ ಎಣ್ಣೆ ಉರಿಯುತ್ತಿದೆ, ಕಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ. ಕಣ್ಣಿಗೆ ಕಂಡದ್ದನ್ನು ನಂಬುವ ವೃತ್ತಿ ನನ್ನದಲ್ಲ, ಪುರಾವೆ ಬೇಕು. ಆದ್ದರಿಂದ ಒಂದು ಬಿಳೀ ಪಂಚೆಯನ್ನು ಸೈಲೆನ್ಸರ್ ಕೊಳವೆಯ ಬಾಯಿಗೆ ಕಟ್ಟಿ ಕಾರು ಸ್ಟಾರ್ಟ್ ಮಾಡಿದೆ. ಮೊದಲು ಒದ್ದೆಯಾಯಿತು, ಆಮೇಲೆ ಕಪ್ಪಾಯಿತು, ಅಂಚಿನಲ್ಲಿ ಜಿಡ್ಡೂ ಕಂಡಿತು. ಮೂರೂ ರೋಗ ಒಟ್ಟಿಗೆ! ಪುಸ್ತಕದಲ್ಲಿ ಅಂಥ ಕಾರಿನ ಪ್ರಸ್ತಾಪವೇ ಇರಲಿಲ್ಲ. ಅದು ಜರಿಯಂಚಿನ ಪಂಚೆ ಎಂದೂ, ನನ್ನ ಮಾವನವರು ದೀಪಾವಳಿಗೆ ಕೊಟ್ಟದ್ದೆಂದೂ ಕಮಲ ನೆನಪಿಸಿದ ಮೇಲೆ ಆ ಪುರಾವೆಯನ್ನು ಯಾರ ಮುಂದೂ ಹಾಜರುಪಡಿಸಲಿಲ್ಲ.

ಮಾರನೆಯ ದಿನ ದಸ್ತಗೀರ್ ಸಾಬರು ಬಂದರು. ಕೆರೆಯ ಆಚೆ ರೇಷ್ಮೆ ನೂಲು ತೆಗೆಯುವ ಒಲೆಗಳನ್ನು ಇಟ್ಟವರು, ನನ್ನ ಸ್ನೇಹಿತರು. ಹೊಗೆ ವಿಚಾರದಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂಬುದು ಅವರ ಅಭಿಪ್ರಾಯ.

"ವಕೀಲ್ ಸಾಬ್, ಇದು ಬಹಳ ಸುಲಭ. ನಮ್ಮ ಒಲೆ ಹೊಗೆಗೂಡಲ್ಲಿ ಮಸಿ ಕಟ್ಕೊಂಡ್ರೆ ಹಿಂಗೇ ಆಗ್ತದೆ. ಬಿದಿರುಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಆಡಿಸ್ಬೇಕು, ಅಷ್ಟೇ."

ನನಗೂ ಹೌದೆನಿಸಿತು. ಬಟ್ಟೆ ಸುತ್ತಿದೆವು, ತುರುಕಿದೆವು, ಆಡಿಸಿದೆವು. ಕಡ್ಡಿ ವಾಪಸ್ ಬಂತು, ಬಟ್ಟೆ ಬರಲಿಲ್ಲ. "ಸ್ಟಾರ್ಟ್ ಮಾಡಿ, ತಾನಾಗೇ ಬರ್ತದೆ" ಎಂದರು ಸಾಬರು. ಅವರ ಮಾತು ಸುಳ್ಳಾಗಲಿಲ್ಲ. ಢಂ ಎಂದು ಸದ್ದಾಯಿತು. ಮಸಿ ಮೆತ್ತಿದ ಬಟ್ಟೆ ಬೀದಿಯನ್ನು ದಾಟಿ ಹಾರಿಹೋಗಿ, ಮುನಿವೆಂಕಟಮ್ಮ ಆಗಷ್ಟೇ ಜಮೀನಿಂದ ಹೊತ್ತು ತಂದು ಇಳಿಸಿದ್ದ ಸೊಪ್ಪಿನ ಮಂಕರಿಯೊಳಗೆ ಕೂತಿತು.

ಪೆಟ್ರೋಲು ವಾಸನೆ ಹಿಡಿದ ಸೊಪ್ಪನ್ನು ಹುಳ ಮುಟ್ಟುತ್ತದೆಯೇ? ಇಡೀ ಮಂಕರಿ ತಿಪ್ಪೆಗೆ ಹೋಯಿತು. ಮುನಿವೆಂಕಟಮ್ಮ ಬೈಯಲಿಲ್ಲ. ಬೈದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಸುಮ್ಮನೆ ಖಾಲಿ ಮಂಕರಿಯನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು. ಸಾಬರಿಗೆ ಆ ಕ್ಷಣದಲ್ಲೇ ಯಾವುದೋ ತುರ್ತು ಕೆಲಸ ನೆನಪಾಯಿತು. ಸ್ವಂತ ಕಾರಿರುವ ವಕೀಲ ಪಂಚೆ ಎತ್ತಿ ಕಟ್ಟಿಕೊಂಡು ಬಿಸಿಲಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದ. ಪಕ್ಕದ ಹೊಲದಲ್ಲಿದ್ದ ನನ್ನ ಕಕ್ಷಿದಾರನೊಬ್ಬ "ಏನ್ ಸ್ವಾಮಿ, ಕೋರ್ಟು ಬಿಟ್ಬಿಟ್ರಾ?" ಎಂದು ಮರುಕದಿಂದ ಕೇಳಿದ. ಜಮೀನಿನ ಗಡಿ ತಕರಾರಿನ ಸ್ಥಳ ಪರಿಶೀಲನೆ ಎಂದು ಹೇಳಿದೆ.

ಆಮೇಲೆ ಬೀದಿಯ ಹಿರಿಯರು ಸೇರಿ ತೀರ್ಮಾನ ಹೇಳಿದರು. ಬೆಳೆ ಮುಗಿಯುವ ತನಕ ನನ್ನ ಕಾರು ಬೀದಿಯೊಳಗೆ ಉಸಿರು ಬಿಡಕೂಡದು, ಬೀದಿ ಕೊನೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡಬೇಕು. ಬೆಳೆ ಕೆಟ್ಟರೆ ಕಾರು ಬೀದಿಯಲ್ಲೇ ಇರಕೂಡದು. ನಡೆದು ಹೋಗಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ನಡೆದರೆ ತಪ್ಪೊಪ್ಪಿಕೊಂಡ ಹಾಗಲ್ಲವೇ? ದಿನಾ ಬೆಳಿಗ್ಗೆ ಆಳುಗಳು ಕಾರು ತಳ್ಳುತ್ತಿದ್ದರು, ನಾನು ಒಳಗೆ ನೆಟ್ಟಗೆ ಕೂತು ಸ್ಟೀರಿಂಗ್ ಹಿಡಿದು ಎಡಕ್ಕೂ ಬಲಕ್ಕೂ ನಮಸ್ಕಾರ ಮಾಡುತ್ತಿದ್ದೆ. ಉತ್ಸವಮೂರ್ತಿಯನ್ನು ಬಿಟ್ಟರೆ ಆ ಬೀದಿಯಲ್ಲಿ ಹಾಗೆ ಹೋದವನು ನಾನೊಬ್ಬನೇ.

ಅದರೊಳಗೆ ನನ್ನ ಬುದ್ಧಿಯೂ ಕೆಲಸ ಮಾಡುತ್ತಿತ್ತು. ಪುಸ್ತಕವನ್ನು ಮತ್ತೆ ಓದಿದಾಗ ನಿಜವಾದ ಕಾರಣ ಹೊಳೆಯಿತು. ಚಿಕ್ಕ ಚಿಕ್ಕ ದೂರ ಓಡುವ ಕಾರಿನ ಎಂಜಿನ್ನು ಕಾಯುವುದೇ ಇಲ್ಲ. ಕಾಯದ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ, ನೀರು ನಿಲ್ಲುತ್ತದೆ. ಒಂದು ಸಲ ದೂರ ಓಡಿಸಿದರೆ ಒಳಗಿನದೆಲ್ಲ ಸುಟ್ಟು ಸ್ವಚ್ಛ! ಜಗಲಿ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಇದನ್ನು ವಿವರಿಸಿದೆ. "ತಪ್ಪು ಕಾರಿಂದಲ್ಲ, ಕೋರ್ಟಿಂದು. ಅದು ಇಷ್ಟು ಹತ್ತಿರ ಇರಬಾರದಿತ್ತು."

ಆ ದೂರದ ಪ್ರಯಾಣದ ಅವಕಾಶವನ್ನು ಮುನಿವೆಂಕಟಮ್ಮನೇ ತಂದುಕೊಟ್ಟಳು. ಒಂದು ಬೆಳಿಗ್ಗೆ ಸರೋಜ ಅಳುತ್ತಾ ನಮ್ಮ ಮನೆಗೆ ಓಡಿಬಂದಳು. ಹುಳ ಎಲ್ಲ ಒಂದೇ ಸಲ ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ದೊಡ್ಡ ತಟ್ಟೆ, ಹುಳ ಅದರಲ್ಲೇ ಗೂಡು ಕಟ್ಟುವುದು. ತಡವಾದರೆ ಹುಳ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಚಂದ್ರಿಕೆ ಕೊಡುತ್ತೇನೆಂದಿದ್ದವರ ಮನೆಯಲ್ಲೂ ಅದೇ ದಿನ ಹುಳ ಹಣ್ಣಾಗಿ, ಅವರು ಕೊಡಲಾಗದು ಅಂದುಬಿಟ್ಟಿದ್ದರು. ಉಳಿದ ದಾರಿ ಒಂದೇ, ಮುದ್ದೇನಹಳ್ಳಿಯಲ್ಲಿದ್ದ ಮುನಿವೆಂಕಟಮ್ಮನ ತಮ್ಮ ನಾರಾಯಣಪ್ಪನ ಮನೆ. ಎತ್ತಿನ ಗಾಡಿ ಹೋಗಿ ಬರುವ ಹೊತ್ತಿಗೆ ಎಲ್ಲ ಮುಗಿದುಹೋಗಿರುತ್ತದೆ.

ಸರೋಜಳ ಹಿಂದೆಯೇ ಅವಳ ತಾಯಿ ಬಂದು ನಿಂತಳು. ಅವಳು ಬಾಯಿ ಬಿಡುವಷ್ಟರಲ್ಲಿ ನನ್ನ ಕೈ ಆಗಲೇ ಹ್ಯಾಂಡಲ್ ಮೇಲಿತ್ತು.

"ಈಗಲಾದ್ರೂ ಗೊತ್ತಾಯ್ತಾ ಕಾರು ಯಾಕೆ ಬೇಕು ಅಂತ?" ಅಂದೆ.

"ಸಾಕು, ಹೊರಡ್ರಿ" ಅಂದಳು ಕಮಲ. "ನಾನೂ ಬರ್ತೀನಿ. ಇವರೊಬ್ಬರನ್ನೇ ಕಳ್ಸೋ ಹಾಗಿಲ್ಲ ಕಣಮ್ಮ, ಸರೋಜ."

ಅವತ್ತು ಕೋರ್ಟಿನಲ್ಲಿ ಕೇಸೂ ಇತ್ತು. ಬಂದವನೇ ನೇರ ಅಲ್ಲಿಗೆ ಹೋದರಾಯಿತು ಅಂತ ಕೋಟನ್ನೂ ಜೊತೆಗೆ ತೆಗೆದುಕೊಂಡೆ. ಕಾರನ್ನು ತಳ್ಳಿಸಿಕೊಂಡು ಬೀದಿ ದಾಟಿದ ಮೇಲೆ ಸ್ಟಾರ್ಟ್ ಮಾಡಿ, ಕೋಟನ್ನು ಎಂದಿನ ಹಾಗೆ ಮುಂದುಗಡೆ ತೂಗುಹಾಕಿದೆ, ಹೊರಟೆವು. ಹೊಗೆ ಎದ್ದಿತು. "ನೋಡ್ತಾ ಇರು, ಚಿಕ್ಕಬಳ್ಳಾಪುರ ಬರೋ ಹೊತ್ಗೆ ಒಂದು ಎಳೆ ಹೊಗೆ ಇರಲ್ಲ" ಅಂದೆ. ಚಿಕ್ಕಬಳ್ಳಾಪುರ ಬಂತು. ಪೇಟೆಯ ಜನ ಮೂಗಿಗೆ ಬಟ್ಟೆ ಹಿಡಿದುಕೊಂಡು ದಾರಿ ಬಿಟ್ಟರು. "ಮಸಿ ಬಹಳ ದಿನದ್ದು. ಇನ್ನೂ ಸ್ವಲ್ಪ ದೂರ ಬೇಕು" ಅಂದೆ. ಮುದ್ದೇನಹಳ್ಳಿ ಸೇರುವ ಹೊತ್ತಿಗೆ ಎಂಜಿನ್ನು ಕೆಂಡದ ಹಾಗೆ ಕಾದಿತ್ತು, ಹೊಗೆ ಮಾತ್ರ ಹೊರಟಾಗಿನ ಹಾಗೇ ಇತ್ತು. ಅಲ್ಲಿಗೆ ನನ್ನ ಸಿದ್ಧಾಂತದ ಕಥೆ ಮುಗಿಯಿತು ಎಂದು ಬೇರೆ ಯಾರಾದರೂ ಒಪ್ಪಿಕೊಳ್ಳುತ್ತಿದ್ದರು.

ನಾರಾಯಣಪ್ಪ ವಿಷಯ ಕೇಳಿದ ಕೂಡಲೇ ಚಂದ್ರಿಕೆಗಳನ್ನು ಹೊರಗೆ ತಂದ. ಒಮ್ಮೆ ನಿಲ್ಲಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂದು ಎಂಜಿನ್ನು ಆರಿಸದೆ ಬಿಟ್ಟಿದ್ದೆ. ಅವನು ಕಾರಿನ ಹಿಂದೆ ನೋಡಿದ. ಚಂದ್ರಿಕೆಗಳನ್ನು ಎತ್ತಿಕೊಂಡು ಮತ್ತೆ ಒಳಗೆ ಹೊರಟ.

"ಯಾಕಪ್ಪ?"

"ಈ ಹೊಗೆಗೆ ಕಟ್ಕೊಂಡು ಹೋದ್ರೆ ಬಿದಿರೆಲ್ಲ ಘಾಟು ಹಿಡೀತದೆ ಸ್ವಾಮಿ. ಇದರ ಮೇಲೆ ಬಿಟ್ರೆ ನಮ್ಮಕ್ಕನ ಹುಳ ನೂಲು ಬಿಡಲ್ಲ, ಪ್ರಾಣ ಬಿಡ್ತವೆ."

ನಾನು ವಾದಿಸಿದೆ. ಹೊಗೆ ಹಿಂದಕ್ಕೆ ಹೋಗುತ್ತದೆ, ಚಂದ್ರಿಕೆ ಇರುವುದು ಮೇಲೆ, ಆದ್ದರಿಂದ ಎರಡಕ್ಕೂ ಸಂಬಂಧವಿಲ್ಲ ಎಂದೆ. ಗಾಳಿಯ ದಿಕ್ಕಿನ ಬಗ್ಗೆ, ಮಸಿಯ ತೂಕದ ಬಗ್ಗೆ ಮಾತಾಡಿದೆ. ಅವನು ಕೆಮ್ಮುತ್ತಾ ಕೇಳಿಸಿಕೊಂಡು ತಲೆ ಅಡ್ಡಡ್ಡ ಆಡಿಸಿದ. ಅಲ್ಲಿ ಶಿಡ್ಲಘಟ್ಟದಲ್ಲಿ ಹುಳ ತಟ್ಟೆಯ ಅಂಚಿಗೆ ಹರಿದಾಡುತ್ತಿದ್ದವು. ಸರೋಜ ಬೀದಿ ತುದಿಯಲ್ಲಿ ನಿಂತು ದಾರಿ ನೋಡುತ್ತಿರುತ್ತಾಳೆ ಎಂಬುದು ನೆನಪಾಯಿತು. ವಾದ ಅಲ್ಲಿಗೆ ನಿಂತಿತು.

ಕಮಲ ಕಾರಿನೊಳಗೇ ಕೂತಿದ್ದಳು. ನಾರಾಯಣಪ್ಪನ ಹೆಂಡತಿ ಕುಂಕುಮ ಕೊಟ್ಟು, ಮಡಿಲಿಗೆ ಬಾಳೆಹಣ್ಣಿನ ಚಿಪ್ಪು ಹಾಕಿದಳು. ಹಣ್ಣಿಗೆ ಕೋಟು ಅಡ್ಡವಾಯಿತು. ಕಮಲ ಅದನ್ನು ತೆಗೆದು ಹಿಂದಿನ ಸೀಟಿಗೆ ಎಸೆದಳು. ಕೋಟು ತೂಗುಹಾಕಿದ್ದ, ಸ್ಟೀರಿಂಗ್ ಪಕ್ಕದ ಹಲಗೆಯ ಗುಂಡಿ ಮುಂದಕ್ಕೆ ಚಾಚಿಕೊಂಡಿತ್ತು. ಮನೆಯಲ್ಲಿ ಅರ್ಧ ತೆರೆದ ಮೇಜಿನ ಡ್ರಾಯರ್ ಕಂಡರೆ ಮುಚ್ಚದೆ ಮುಂದೆ ಹೋಗದ ಹೆಂಗಸು ಅವಳು. ಅದನ್ನೂ ಒಳಕ್ಕೆ ತಳ್ಳಿದಳು.

ಎಂಜಿನ್ನಿನ ದನಿ ಬದಲಾಯಿತು. ಹಿಂದೆ ನಿಂತಿದ್ದ ನಾರಾಯಣಪ್ಪ "ಹೊಗೆ ನಿಂತೋಯ್ತಲ್ಲ ಸ್ವಾಮಿ" ಅಂದ.

"ನಾನು ಹೇಳಲಿಲ್ಲವಾ, ದೂರ ಓಡಿಸಿದ್ರೆ ಸರಿಹೋಗುತ್ತೆ ಅಂತ" ಎಂದು ನಾನು ಆ ಕ್ಷಣವೇ ಗೆಲುವನ್ನು ನನ್ನದಾಗಿಸಿಕೊಂಡೆ.

ಕಮಲ ನನ್ನ ಮುಖ ನೋಡಿದಳು, ಗುಂಡಿ ನೋಡಿದಳು. ಹಿಂದಕ್ಕೆ ಬಾಗಿ ಕೋಟು ತೆಗೆದು ಮತ್ತೆ ಅದೇ ಗುಂಡಿಗೆ ತಗುಲಿಸಿದಳು. ಕೋಟಿನ ಜೇಬಿನಲ್ಲಿ ದಪ್ಪನೆಯ ಕಾನೂನು ಪುಸ್ತಕವಿತ್ತು. ಎಂಜಿನ್ನು ನಡುಗಿದ ಹಾಗೆಲ್ಲ ಗುಂಡಿ ನಿಧಾನವಾಗಿ ಈಚೆ ಬಂತು. "ಬಂತು ಸ್ವಾಮಿ ಹೊಗೆ" ಎಂದ ನಾರಾಯಣಪ್ಪ. ಕೋಟು ತೆಗೆದಳು, ಗುಂಡಿ ಒತ್ತಿದಳು. "ಹೋಯ್ತು" ಎಂದ.

"ಏನೂಂದ್ರೆ, ಈ ಗುಂಡಿ ಏನು?" ಅಂತ ಕೇಳಿದಳು ಕಮಲ.

ಅದು ಚೋಕ್. ತಣ್ಣಗಿರುವ ಕಾರು ಸ್ಟಾರ್ಟ್ ಆಗಲು ಪೆಟ್ರೋಲು ಜಾಸ್ತಿ ಬಿಡುವ ಗುಂಡಿ. ಸ್ಟಾರ್ಟ್ ಆದ ಮೇಲೆ ಒಳಕ್ಕೆ ತಳ್ಳಬೇಕು. ನಾನು ದಿನಾ ತಪ್ಪದೆ ತಳ್ಳುತ್ತಿದ್ದೆ. ತಳ್ಳಿದ ಮೇಲೆ ಅದಕ್ಕೇ ಕೋಟು ತೂಗುಹಾಕುತ್ತಿದ್ದೆ. ಅದರ ಕೆಲಸ ಮುಗಿಯಿತಲ್ಲ, ಸುಮ್ಮನೆ ಯಾಕಿರಬೇಕು ಅಂತ.

ವಾಪಸ್ ಬರುವಾಗ ಚಂದ್ರಿಕೆಗಳು ಮೇಲೆ, ಕೋಟು ಕಮಲಳ ಮಡಿಲಲ್ಲಿ, ಹೊಗೆ ಎಲ್ಲೂ ಇಲ್ಲ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ನಾನು ವಾದ ಸಿದ್ಧಮಾಡಿಕೊಳ್ಳುತ್ತಿದ್ದೆ. ಬೀದಿಯೊಳಗೆ ಈ ಸಲ ಯಾರೂ ತಳ್ಳಲಿಲ್ಲ, ಕಾರು ತನ್ನ ಕಾಲ ಮೇಲೆ ತಾನೇ ಬಂತು. ಸರೋಜ ಓಡಿಬಂದು ಹಗ್ಗ ಬಿಚ್ಚಿದಳು. ಬೀದಿಯ ಹೆಂಗಸರೆಲ್ಲ ಕೈ ತೊಳೆದು ಒಳಗೆ ಕೂತು ಹುಳ ಆಯ್ದರು. ಹೊತ್ತಿಗೆ ಸರಿಯಾಗಿ ಎಲ್ಲ ಹುಳವೂ ಚಂದ್ರಿಕೆ ಸೇರಿದವು.

ಕಮಲ ನಡೆದದ್ದನ್ನೆಲ್ಲ ಹುಳ ಆಯುತ್ತಲೇ ಹೇಳಿದಳಂತೆ. ನಗು ನಮ್ಮ ಮನೆಯವರೆಗೆ ಕೇಳಿಸಿತು.

ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಿದ ದಿನ ಮುನಿವೆಂಕಟಮ್ಮ ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಹಿಡಿ ಹೊಳೆಯುವ ಗೂಡು, ಸರೋಜಳ ಮದುವೆಯ ಮೊದಲ ಕರೆಯೋಲೆ ಇಟ್ಟುಕೊಂಡು ನಮ್ಮ ಮನೆಗೆ ಬಂದಳು. ಜಗಲಿಯ ಮೇಲೆ ಕೂತಿದ್ದ ನಾನು ಎದ್ದು ಎರಡೂ ಕೈ ಚಾಚಿದೆ. ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋಗಿ ತಟ್ಟೆಯನ್ನು ಕಮಲಳ ಕೈಗೆ ಕೊಟ್ಟಳು.

"ನನ್ನ ಮಗಳ ಮದುವೆ ನಿನ್ನಿಂದ ಆಯ್ತು ಕಣಮ್ಮ ಕಮಲಮ್ಮ" ಅಂದಳು. ಅವಳ ಕಣ್ಣು ತುಂಬಿತ್ತು. ನನಗೂ ತುಂಬಿ ಬಂತು. ಆದರೆ ನ್ಯಾಯ ನ್ಯಾಯವೇ ಅಲ್ಲವೇ?

"ಒಂದ್ನಿಮಿಷ" ಅಂದೆ. "ಹುಳಕ್ಕೆ ಹೊಗೆ ಆಗಲ್ಲ ಅಂತ ಇಸ್ತ್ರಿ ನಿಲ್ಲಿಸಿದವರು ನೀವು. ಇಸ್ತ್ರಿ ಇಲ್ಲದ್ದಕ್ಕೆ ನಾನು ಕೋಟು ತೂಗುಹಾಕಿದೆ. ಕೋಟು ತೂಗುಹಾಕಿದ್ದಕ್ಕೆ ಹೊಗೆ ಬಂತು. ಅಂದ ಮೇಲೆ ಹೊಗೆಗೆ ಮೂಲ ಕಾರಣ ನಿಮ್ಮ ಹುಳ. ಇನ್ನು ಚಂದ್ರಿಕೆ ತಂದದ್ದು ಯಾವುದು? ಕಾರು. ಕಾರು ಯಾರದು?"

ಮುನಿವೆಂಕಟಮ್ಮ ತಾಳ್ಮೆಯಿಂದ ಪೂರ್ತಿ ಕೇಳಿದಳು. ಒಬ್ಬ ನ್ಯಾಯಾಧೀಶರೂ ನನ್ನ ವಾದವನ್ನು ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

"ನಿಮ್ದೇ ಸ್ವಾಮಿ" ಅಂದಳು. "ಕಾರೂ ನಿಮ್ದೇ, ಹೊಗೇನೂ ನಿಮ್ದೇ. ಕೆಟ್ಟದ್ದನ್ನ ಸರಿ ಮಾಡಿದ ಕೈ ಮಾತ್ರ ಕಮಲಮ್ಮಂದು."

ಈ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ನಾನು ಇನ್ನೂ ಬಿಟ್ಟುಕೊಟ್ಟಿಲ್ಲ. ಅಡಚಣೆ ಒಂದೇ, ನಮ್ಮ ಮನೆಯಲ್ಲಿ ಅದನ್ನು ಕೇಳುವ ಮೇಲಿನ ಕೋರ್ಟೂ ಕಮಲಳೇ.